ಹಿತ್ತಲಿನ ಅಳಿಲಿಗೆ ಏನು ಕೊಡೋಣ?

ಪ್ರಶ್ನೆ: ನಮ್ಮ ಹಿತ್ತಲಿಗೆ ದಿನಾ ಅಳಿಲುಗಳು ಬರುತ್ತವೆ. ಕಡಲೆಕಾಯಿ ಇಡುತ್ತೇವೆ, ಈಗೀಗ ಬಿಸ್ಕತ್ತು, ಬ್ರೆಡ್ಡಿನ ಚೂರೂ ಹಾಕುತ್ತೇವೆ. ಎಲ್ಲವನ್ನೂ ಇಷ್ಟಪಟ್ಟು ತಿನ್ನುತ್ತವೆ. ಇದರಿಂದ ಅವಕ್ಕೆ ತೊಂದರೆ ಆಗುತ್ತದಾ?

ಉತ್ತರ: ಬಿಸ್ಕತ್ತು, ಬ್ರೆಡ್ಡು ಇವತ್ತೇ ನಿಲ್ಲಿಸಿಬಿಡಿ. ಉಪ್ಪು ಹಾಕಿದ್ದು, ಕರಿದದ್ದು, ಸಿಹಿ ತಿಂಡಿ ಯಾವುದೂ ಬೇಡ. ಇಷ್ಟಪಟ್ಟು ತಿನ್ನುತ್ತವೆ ಅಂದಮಾತ್ರಕ್ಕೆ ಅದು ಅವಕ್ಕೆ ಒಗ್ಗುತ್ತದೆ ಅಂತಲ್ಲ. ಕಡಲೆಕಾಯಿ ಕೊಡಬಹುದು, ಆದರೆ ಸಿಪ್ಪೆ ಸಮೇತ ಹುರಿದದ್ದು, ಉಪ್ಪು ಹಾಕದ್ದು. ಹಸಿ ಬೀಜದಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಒಂದು ಅಂಶ ಇರುತ್ತದೆ, ಹುರಿದಾಗ ಅದರ ಬಲ ಕುಗ್ಗುತ್ತದೆ. ಬೂಷ್ಟು ಹಿಡಿದ ಕಾಯಿಯನ್ನಂತೂ ಹಾಕಲೇಬೇಡಿ, ಅದರಲ್ಲಿ ಲಿವರ್ ಕೆಡಿಸುವ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಕಡಲೆಕಾಯಿ, ಜೋಳ, ಸೂರ್ಯಕಾಂತಿ ಬೀಜ, ಇವುಗಳಲ್ಲಿ ಫಾಸ್ಫರಸ್ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಬರೀ ಇವನ್ನೇ ತಿಂದುಕೊಂಡಿದ್ದರೆ ಮೂಳೆಯಲ್ಲಿರುವ ಕ್ಯಾಲ್ಸಿಯಂ ಕರಗುತ್ತಾ ಹೋಗಿ ಮೂಳೆ ಮೆತ್ತಗಾಗುತ್ತದೆ, ಕೊಂಬೆಯಿಂದ ಕೊಂಬೆಗೆ ಹಾರುವ ಪ್ರಾಣಿಗೆ ಇದಕ್ಕಿಂತ ಕೆಟ್ಟದ್ದು ಇನ್ನೇನಿದೆ ಹೇಳಿ. ಅದಕ್ಕೇ ನೀವು ಇಡುವುದು ದಿನಕ್ಕೆ ನಾಲ್ಕು ಕಾಳಿನಷ್ಟು ಇರಲಿ, ಊಟದಷ್ಟು ಬೇಡ. ಚಿಗುರು, ಮೊಗ್ಗು, ಕಾಯಿ, ತೊಗಟೆ, ಹುಳು ಅಂತ ಉಳಿದದ್ದನ್ನು ಅವು ಮರದಲ್ಲೇ ಹುಡುಕಿಕೊಳ್ಳುತ್ತವೆ. ಅಗಲವಾದ ತಟ್ಟೆಯಲ್ಲಿ ನೀರಿಟ್ಟು ದಿನಾ ಬದಲಾಯಿಸಿ. ನನ್ನನ್ನು ಕೇಳಿದರೆ ಕಾಳಿಗಿಂತ ನೀರೇ ದೊಡ್ಡ ಉಪಕಾರ.

ಕೊಡುವುದು ಕಡಿಮೆಯಾದರೆ ನೋಡುವ ಖುಷಿ ಕಡಿಮೆಯಾಗಲ್ಲ. ಸುಮ್ನೆ ಸ್ವಲ್ಪ ದೂರ ಕೂತು ನೋಡಿ. ಕಾಯಿ ಸಿಕ್ಕಿದ ತಕ್ಷಣ ಅಳಿಲು ಅದನ್ನು ಎರಡೂ ಮುಂಗಾಲಿನಲ್ಲಿ ಹಿಡಿದು ತಿರುಗಿಸುತ್ತದೆ, ಮೂಸುತ್ತದೆ, ಬೇಡವೆನಿಸಿದರೆ ಅಲ್ಲೇ ಬಿಟ್ಟು ಇನ್ನೊಂದಕ್ಕೆ ಹೋಗುತ್ತದೆ. ಮರದಿಂದ ತಲೆಕೆಳಗಾಗಿ ಇಳಿಯುವಾಗ ಹಿಂಗಾಲನ್ನು ಗಮನಿಸಿ. ಪಾದ ಪೂರ್ತಿ ಹಿಂದಕ್ಕೆ ತಿರುಗಿ ಉಗುರು ತೊಗಟೆಗೆ ಸಿಕ್ಕಿಕೊಂಡಿರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ!

ಪ್ರಶ್ನೆ: ಪಾರ್ಕಿನಲ್ಲಿ ಅಳಿಲು ಮಗಳ ಹತ್ತಿರಕ್ಕೇ ಬರುತ್ತದೆ. ಅವಳಿಗೆ ಕೈಯಿಂದಲೇ ತಿನ್ನಿಸುವ ಆಸೆ. ಬಿಡಬಹುದಾ?

ಉತ್ತರ: ಮಗುವಿನ ಆಸೆ ಅರ್ಥವಾಗುತ್ತದೆ, ಆದರೂ ಬೇಡ ಅಂತಲೇ ಹೇಳುತ್ತೇನೆ. ಕಾಳಿನ ವಾಸನೆ ಬೆರಳಿಗೂ ಅಂಟಿರುತ್ತದೆ, ಅಳಿಲು ಬೆರಳನ್ನೇ ಕಚ್ಚಿಬಿಡಬಹುದು. ಅಳಿಲಿನಿಂದ ರೇಬೀಸ್ ಬರುವುದು ಬಹಳ ಅಪರೂಪ. ಹಾಗಂತ ಕಚ್ಚಿದರೆ ಉದಾಸೀನ ಮಾಡಬೇಡಿ, ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಡಾಕ್ಟರಿಗೆ ತೋರಿಸಿ. ಅಳಿಲಿನ ಕಡೆಯಿಂದಲೂ ಯೋಚಿಸಬೇಕು ಅಲ್ವಾ? ನಿಮ್ಮ ಮಗಳು ಒಳ್ಳೆಯವಳು, ಆದರೆ ಕೈ ಚಾಚುವವರೆಲ್ಲ ಹಾಗೇ ಇರುವುದಿಲ್ಲ. ಕಾಳನ್ನು ಮರದ ಬುಡದಲ್ಲಿಟ್ಟು ಹಿಂದೆ ಸರಿದು ನಿಲ್ಲುವುದನ್ನು ಕಲಿಸಿ. ಪ್ರಾಣಿಗಳಿಗೆ ಆಹಾರ ಹಾಕಬಾರದು ಅಂತ ಪಾರ್ಕಿನಲ್ಲಿ ಬೋರ್ಡ್ ಇದ್ದರೆ ಅದೂ ಬೇಡ.

ಪ್ರಶ್ನೆ: ಹೊಟ್ಟೆ ತುಂಬಾ ಹಾಕಿದರೂ ಅಳಿಲು ಕಿಟಕಿಯ ಮರ ಕಡಿಯುತ್ತದೆ. ಯಾಕೆ?

ಉತ್ತರ: ಅದು ಹಸಿವಿಗಲ್ಲ. ಅಳಿಲಿನ ಬಾಚಿಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ, ಕಡಿದು ಸವೆಸದಿದ್ದರೆ ಬಾಯಿ ಮುಚ್ಚುವುದೂ ಕಷ್ಟ. ಒಂದೆರಡು ಗಟ್ಟಿ ಕೊಂಬೆ, ಸಿಪ್ಪೆ ಬಿಡಿಸದ ಗಟ್ಟಿ ಕಾಯಿ ಕಿಟಕಿಯಿಂದ ದೂರ ಇಟ್ಟು ನೋಡಿ.