ಒಡೆದ ಫೈಬರ್ ಹರಿಗೋಲನ್ನು ಏನು ಮಾಡುವುದು?

ಪ್ರಶ್ನೆ: ಶ್ರೀರಂಗಪಟ್ಟಣದ ಹತ್ತಿರ ಹೊಳೆದಂಡೆಯ ಊರು ನಮ್ಮದು. ಮೂರು ಫೈಬರ್ ಹರಿಗೋಲುಗಳು ಒಡೆದು ಹಿತ್ತಲಲ್ಲಿ ಬಿದ್ದಿವೆ. ಗುಜರಿಯವರು ಮುಟ್ಟುವುದಿಲ್ಲ. ಪಕ್ಕದ ಆಲೆಮನೆಯವರು ಒಲೆಗೆ ಹಾಕಿಕೊಳ್ಳುತ್ತೇವೆ, ಕೊಡಿ ಎನ್ನುತ್ತಾರೆ. ಕೊಡಬಹುದೇ?

ಉತ್ತರ: ಆಲೆಮನೆಗೆ ಮಾತ್ರ ಕೊಡಬೇಡಿ. ಒಡೆದ ಅಂಚನ್ನು ಬಿಸಿಲಿಗೆ ಹಿಡಿದು ನೋಡಿ: ಬಿಳಿ ಎಳೆಗಳು ಹೊರಚಾಚಿರುತ್ತವೆ. ಅದು ಗಾಜಿನ ನೂಲು. ಕೈಯಿಂದ ಹಚ್ಚಿ ಮಾಡಿದ ಹರಿಗೋಲಿನ ತೂಕದಲ್ಲಿ ಸುಮಾರು ಮೂರನೆಯ ಒಂದು ಪಾಲು ಗಾಜು, ಉಳಿದದ್ದು ಹೆಚ್ಚಾಗಿ ಪಾಲಿಯೆಸ್ಟರ್ ರೆಸಿನ್, ಅಂದರೆ ಆ ನೂಲನ್ನು ಹಿಡಿದಿಟ್ಟು ಗಟ್ಟಿಯಾಗುವ ಪ್ಲಾಸ್ಟಿಕ್ ಅಂಟು. ಒಲೆಯಲ್ಲಿ ರೆಸಿನ್ ಕಪ್ಪು ವಿಷಹೊಗೆಯಾಗಿ ಉರಿಯುತ್ತದೆ, ಗಾಜಿನ ಎಳೆ ಬೂದಿಯೊಂದಿಗೆ ಹಾರುತ್ತದೆ. ಪಕ್ಕದಲ್ಲೇ ತೆರೆದ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ! ಹಿತ್ತಲಲ್ಲಿ ಬೆಂಕಿ ಹಾಕುವುದೂ ತಪ್ಪೇ. ಬಯಲಿನಲ್ಲಿ ಕಸ ಸುಟ್ಟರೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ದಂಡ ಎಂದು ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ.

ಗುಜರಿಯವರ ಮೇಲೆ ಸಿಟ್ಟಾಗಬೇಡಿ. ಬಕೆಟ್ಟು, ಕೊಡಗಳ ಪ್ಲಾಸ್ಟಿಕ್ ಬೆಲ್ಲದಂತೆ. ಕಾಯಿಸಿದರೆ ಮತ್ತೆ ಕರಗುತ್ತದೆ. ಈ ರೆಸಿನ್ ಸುಟ್ಟ ಇಟ್ಟಿಗೆಯಂತೆ. ಒಮ್ಮೆ ಗಟ್ಟಿಯಾದರೆ ಮುಗಿಯಿತು. ಅರೆದು ಪುಡಿ ಮಾಡಬಹುದು, ಆದರೆ ಗಾಜು ಯಂತ್ರದ ಅಲಗನ್ನು ತಿಂದುಹಾಕುತ್ತದೆ, ಹೊಸ ಗಾಜಿನ ನೂಲೂ ದುಬಾರಿಯಲ್ಲ. ಕೊಳ್ಳುವವರಿಲ್ಲದ ಮಾಲನ್ನು ಅವರಾದರೂ ಏಕೆ ಹೊರುತ್ತಾರೆ?

ಕಾನೂನು ಇದನ್ನು ಮರೆತಿಲ್ಲ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಇಂಥ ಕರಗದ ಪ್ಲಾಸ್ಟಿಕ್ಕನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿಯಂತೆ ವಿಲೇವಾರಿ ಮಾಡಬೇಕೆನ್ನುತ್ತವೆ. ಮಂಡಳಿ ಮುಖ್ಯವಾಗಿ ತೋರಿಸುವ ದಾರಿ ಸಿಮೆಂಟ್ ಕಾರ್ಖಾನೆಯ ಗೂಡು. ಅಲ್ಲಿ ಕಚ್ಚಾವಸ್ತು ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ರೆಸಿನ್ ಉರುವಲಾಗುತ್ತದೆ, ಗಾಜಿನ ಸಿಲಿಕಾ, ಸುಣ್ಣದಂಶಗಳು ಸಿಮೆಂಟಿನಲ್ಲೇ ಸೇರಿಹೋಗುತ್ತವೆ. ಬೂದಿಯೂ ಉಳಿಯುವುದಿಲ್ಲ.

ಆದರೆ ನಮ್ಮ ರಾಜ್ಯದ ದೊಡ್ಡ ಸಿಮೆಂಟ್ ಗೂಡುಗಳಿರುವುದು ಕಲಬುರಗಿ, ಬಾಗಲಕೋಟೆಯ ಕಡೆ. ಮೂರು ಹರಿಗೋಲಿಗಾಗಿ ಅಲ್ಲಿಗೆ ಯಾರು ಲಾರಿ ಕಟ್ಟುತ್ತಾರೆ? ಇದು ಕಾರ್ಖಾನೆಗಳನ್ನು ಮನಸ್ಸಿನಲ್ಲಿಟ್ಟು ಬರೆದ ವ್ಯವಸ್ಥೆ, ಅಂಬಿಗರನ್ನಲ್ಲ. ಚಿಪ್ಸ್ ಪೊಟ್ಟಣದ ಕಂಪನಿಗೆ ತನ್ನ ಕಸಕ್ಕೆ ತಾನೇ ಹೊಣೆ ಎಂಬ ನಿಯಮವಿದೆ. ಅದು ಪ್ಯಾಕಿಂಗಿಗೆ ಸಂಬಂಧಿಸಿದ್ದು, ಹರಿಗೋಲು ಮಾಡಿದವರನ್ನು ಹಿಡಿಯುವುದಿಲ್ಲ. ಹಳ್ಳಿಯ ಪ್ಲಾಸ್ಟಿಕ್ ಕಸದ ಹೊಣೆ ಗ್ರಾಮ ಪಂಚಾಯಿತಿಯದು. ನಿಮ್ಮಂತೆ ಹರಿಗೋಲು ಒಡೆದುಕೊಂಡವರೆಲ್ಲ ಸೇರಿ ಅಲ್ಲಿಗೆ ಲಿಖಿತ ಅರ್ಜಿ ಕೊಡಿ, ಪ್ರತಿಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮಂಡ್ಯ ಕಚೇರಿಗೂ ಕಳುಹಿಸಿ. ಒಂದು ಲೋಡು ಜಮಾಯಿಸಿದರೆ ಮಾತು ನಡೆಯುತ್ತದೆ.

ಅಲ್ಲಿಯವರೆಗೆ? ಸೀಳು ಬಿಟ್ಟಿದ್ದಷ್ಟೇ ಆದರೆ ಉಜ್ಜಿ, ಗಾಜಿನ ನೂಲಿನ ಹಾಸು (ಮ್ಯಾಟು), ರೆಸಿನ್ ಹಚ್ಚಿಸಿ. ಇನ್ನೂ ಕೆಲವು ವರ್ಷ ತೇಲುತ್ತದೆ. ತಳವೇ ಹೋಗಿದ್ದರೆ ಪಂಪ್‌ಸೆಟ್ಟಿನ ಮೇಲೋ ಸೌದೆಯ ಮೇಲೋ ಮಗುಚಿ ಹಾಕಿ. ದನಕ್ಕೆ ನೀರಿಡಲು ಮಾತ್ರ ಬೇಡ, ಎಳೆ ಹೊಟ್ಟೆ ಸೇರುತ್ತದೆ. ಕತ್ತರಿಸಲೇಬೇಕಾದರೆ ನೀರು ಚಿಮುಕಿಸಿ, ಮಾಸ್ಕ್ ಹಾಕಿ, ತುಂಬುತೋಳಿನ ಅಂಗಿ ತೊಟ್ಟು ಕತ್ತರಿಸಿ. ಆ ಅಂಗಿಯನ್ನು ಮನೆಯ ಬಟ್ಟೆಗಳ ಜೊತೆ ಒಗೆಯಲು ಹಾಕಬೇಡಿ, ಮನೆಮಂದಿಗೆಲ್ಲ ತುರಿಕೆ ಹತ್ತುತ್ತದೆ.