ಹತ್ತಕ್ಕೆ ಹೊರಟರೆ ಸಾಕೇ?

ಪ್ರಶ್ನೆ: ಹೋಗಿ ಬರಲು 12 ಕಿ.ಮೀ., ಏರು 900 ಮೀಟರ್. ಬೆಳಿಗ್ಗೆ ಹತ್ತಕ್ಕೆ ಹೊರಟರೆ ಶಿಖರ ಮುಟ್ಟಿ ಸಂಜೆಯೊಳಗೆ ಇಳಿಯಬಹುದೇ?

ಉತ್ತರ: ಕಾಗದದ ಮೇಲೆ ಧಾರಾಳವಾಗಿ! ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಇಂದಿಗೂ ಚಾಲ್ತಿಯಲ್ಲಿದೆ: 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು. ನಿಮ್ಮ ದಾರಿಗೆ ಸುಮಾರು ನಾಲ್ಕು ಗಂಟೆ. ಆದರೆ ಆತ ಗಟ್ಟಿಮುಟ್ಟಾದ ಆಸಾಮಿ. ಬುತ್ತಿ ಬಿಚ್ಚುವುದು, ಫೋಟೊ, ಏದುಸಿರು ಯಾವುದೂ ಆ ಲೆಕ್ಕದಲ್ಲಿಲ್ಲ. ನಾನಂತೂ ಒಂದೂವರೆ ಪಟ್ಟು ಹಿಡಿಯುತ್ತೇನೆ, ಜೊತೆಗೆ ಮಕ್ಕಳಿದ್ದರೆ ಎರಡು ಪಟ್ಟು. ಇಳಿಜಾರಿನಲ್ಲಿ ಸಮಯ ಉಳಿಸುತ್ತೇನೆ ಎನ್ನಬೇಡಿ, ಮಂಡಿ ಒಪ್ಪುವುದಿಲ್ಲ.

ಆದ್ದರಿಂದ ಏಳಕ್ಕೇ ಹೊರಡಿ. ಬೆಟ್ಟದ ಮೇಲೆ ಗುಡುಗಿನ ಮೋಡ ಕಟ್ಟುವುದು ಹೆಚ್ಚಾಗಿ ಮಧ್ಯಾಹ್ನದ ನಂತರ. ತುದಿ ಕಣ್ಣಳತೆಯಲ್ಲೇ ಇದ್ದರೂ ಹನ್ನೆರಡೂವರೆಗೆ ಹಿಂತಿರುಗುವುದೆಂದು ಹೊರಡುವ ಮೊದಲೇ ಎಲ್ಲರೂ ಒಪ್ಪಿಕೊಳ್ಳಿ. ಮೇಲೆ ಹೋದಮೇಲೆ ಯಾರೂ ಒಪ್ಪುವುದಿಲ್ಲ. 900 ಮೀಟರ್ ಏರಿದರೆ ತಾಪಮಾನ ಐದಾರು ಡಿಗ್ರಿ ಇಳಿಯುತ್ತದೆ, ಗಾಳಿ ಬೇರೆ. ಬೆವರಿದ ಮೈಗೆ ಒಣ ಅಂಗಿಯೊಂದು ಇರಲಿ. ದಾರಿ ಮತ್ತು ಮರಳುವ ಹೊತ್ತನ್ನು ಮನೆಯಲ್ಲಿ ಬರೆದಿಡಿ. ತಲೆಗೆ ಕಟ್ಟುವ ಟಾರ್ಚ್ ಒಯ್ಯಿರಿ, ಮೊಬೈಲಿನ ಚಾರ್ಜು ಕರೆಗೆ ಉಳಿಯಲಿ.