ಆನ್‌ಲೈನ್ ಸರ್ಕಾರಿ ಸೇವೆ ಬಳಸಲು ಜನ ಹಿಂಜರಿಯುವುದೇಕೆ?

ರಾಜ್ಯ ಸರ್ಕಾರದ ಆನ್‌ಲೈನ್ ಸೇವಾ ತಾಣ ‘ಸೇವಾ ಸಿಂಧು’ ಮೊಬೈಲಿನಲ್ಲೇ ಸಿಗುವಾಗ ನಮ್ಮ ಶಿರಸಿ ಕಡೆಯ ಜನ ಇನ್ನೂ ಕಚೇರಿಯ ಮುಂದೆ ಸಾಲು ನಿಲ್ಲುವುದೇಕೆ ಎಂದು ಕೇಳಿದ್ದೀರಿ.

ಹೊಸ ತಂತ್ರಜ್ಞಾನವನ್ನು ಒಪ್ಪಿಕೊಳ್ಳುವ ಮುನ್ನ ಜನ ಎರಡು ವಿಷಯ ನೋಡುತ್ತಾರೆ ಎಂದು 1989ರಲ್ಲಿ ಸಂಶೋಧಕ ಫ್ರೆಡ್ ಡೇವಿಸ್ ವಿವರಿಸಿದರು: ನನಗೆ ಉಪಯೋಗವಿದೆಯೇ, ಬಳಸುವುದು ಸುಲಭವೇ. ಉಪಯೋಗದ ಬಗ್ಗೆ ನಮ್ಮಲ್ಲಿ ಅನುಮಾನವಿಲ್ಲ. ಶಿರಸಿಯಿಂದ ಘಟ್ಟ ಇಳಿದು ಜಿಲ್ಲಾ ಕೇಂದ್ರವಾದ ಕಾರವಾರ ಮುಟ್ಟಲು ನೂರು ಕಿಲೋಮೀಟರಿಗೂ ಹೆಚ್ಚು. ಒಂದು ಕಾಗದಕ್ಕಾಗಿ ಹೋಗಿಬಂದರೆ ತೋಟದ ಕೆಲಸ ಅಂದಿಗೆ ನಿಂತಂತೆಯೇ.

ಸುಲಭವೇ ಎಂಬಲ್ಲಿ ತೊಡಕು ಶುರುವಾಗುತ್ತದೆ. ಗುಡ್ಡದ ಮರೆಯ ಮನೆಗೆ ಸಿಗ್ನಲ್ ಬರುವುದಿಲ್ಲ. ಆಧಾರ್‌ಗೆ ಜೋಡಿಸಿದ್ದು ಬೆಂಗಳೂರಿನಲ್ಲಿರುವ ಮಗನ ಸಂಖ್ಯೆಯಾದರೆ ಒಟಿಪಿ ಅವನಿಗೇ ಹೋಗುತ್ತದೆ. ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಕಾಗುಣಿತ ಇದ್ದರಂತೂ ವಯಸ್ಸಾದವರು ಅಲ್ಲಿಗೇ ಕೈಬಿಡುತ್ತಾರೆ.

ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ನಂಬಿಕೆ. ಕೌಂಟರಿನಲ್ಲಿ ಕೇಳಲು ಒಬ್ಬ ಮನುಷ್ಯನಿರುತ್ತಾನೆ. ಪರದೆಯ ಮೇಲೆ ‘ಅರ್ಜಿ ತಿರಸ್ಕೃತ’ ಎಂದು ಬಂದರೆ ಯಾರನ್ನು ಕೇಳುವುದು? ಒಮ್ಮೆ ಹೀಗಾದರೆ ಅಕ್ಕಪಕ್ಕದ ಹತ್ತು ಮನೆಗೆ ಸುದ್ದಿ ಹರಡುತ್ತದೆ, ಅವರೂ ಹಿಂಜರಿಯುತ್ತಾರೆ. 2011ರ ಸಕಾಲ ಕಾಯ್ದೆ ಸೇವೆಗೆ ಗಡುವು ವಿಧಿಸಿ, ಅದು ಮೀರಿದರೆ ಮೇಲ್ಮನವಿಗೆ ಅವಕಾಶ ಕೊಟ್ಟಿದೆ. ಈ ಹಕ್ಕು ಗೊತ್ತಿರುವವರಿಗೆ ಧೈರ್ಯ ಹೆಚ್ಚು.

ಹಳ್ಳಿಗಳಲ್ಲಿ ಸರ್ಕಾರಿ ಸೇವೆ ಕೊಡುವ ಗ್ರಾಮ ಒನ್ ಕೇಂದ್ರಗಳಿಗೆ ಜನ ಹೋಗುವುದೂ ಈ ನಂಬಿಕೆಯಿಂದಲೇ. ಸೇವೆ ಆನ್‌ಲೈನಿನದೇ, ಆದರೆ ಎದುರಿಗೆ ಕುಳಿತು ಅರ್ಜಿ ತುಂಬಿಕೊಡುವವರು ಊರಿನ ಪರಿಚಯದವರು.